ಕಡಲ ದಂಡೆಗೆ ಹೊಸ ರಾಡ್ ತಂದಿರಾ? ಗಾಳ ಹಾಕುವ ಮೊದಲು ಹೀಗೆ ಪರೀಕ್ಷಿಸಿ

ಅಂಗಡಿಯಲ್ಲಿ ಹೊಸ ರಾಡ್ ಕೈಗೆ ಸಿಕ್ಕ ಕೂಡಲೇ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಬುಡ ಹಿಡಿದು ಗಾಳಿಯಲ್ಲಿ ನಾಲ್ಕು ಸಲ ಅಲ್ಲಾಡಿಸುತ್ತಾರೆ. ಹಗುರ ಅನ್ನಿಸಿ, ತುದಿ ಗಡುಸಾಗಿ ನಿಂತರೆ ದುಡ್ಡು ಎಣಿಸುತ್ತಾರೆ. ಹೊಳೆಬದಿಯಲ್ಲಿ ಬಳಸುವ ಆರೇಳು ಅಡಿಯ ರಾಡ್ ಆದರೆ ಇದರಿಂದ ಒಂದಿಷ್ಟು ಅಂದಾಜು ಸಿಕ್ಕೀತು. ಆದರೆ 12ರಿಂದ 14 ಅಡಿ ಉದ್ದದ ಬೀಚ್ ರಾಡ್‌ನ ಮಟ್ಟಿಗೆ ಅಲ್ಲಾಡಿಸಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ನೂಲಿನ ತುದಿಗೆ ಕಟ್ಟುವ 100ರಿಂದ 150 ಗ್ರಾಂ ಸೀಸದ ಭಾರವನ್ನು ತೆರೆಗಳ ಆಚೆಗೆ ದಾಟಿಸುವುದಕ್ಕೆಂದೇ ಮಾಡಿದ ಸಾಮಾನು ಅದು. ತುದಿಗೆ ಆ ಭಾರ ಬಿದ್ದಾಗ ಹೇಗೆ ಬಾಗುತ್ತದೆ, ಬಾಗಿದ್ದು ಎಷ್ಟು ಬೇಗ ನೆಟ್ಟಗಾಗುತ್ತದೆ ಎಂಬುದರಲ್ಲೇ ಅದರ ಗುಣವೆಲ್ಲ ಇದೆ.

ಬಲಶಾಲಿ ರಾಡ್ ಕೊಂಡರೆ ದೂರ ಬೀಳುತ್ತದೆ ಎಂಬ ನಂಬಿಕೆ ನಮ್ಮ ದಂಡೆಗಳಲ್ಲಿ ಗಟ್ಟಿಯಾಗಿದೆ. ನಾನು ಇದನ್ನು ಒಪ್ಪುವುದಿಲ್ಲ. ಎಸೆಯುವವರ ತೋಳಿಗೆ ಬಗ್ಗದ ರಾಡ್ ಸೀಸವನ್ನು ತಳ್ಳುವುದಿಲ್ಲ, ಎಳೆದುಕೊಂಡು ಹೋಗುತ್ತದೆ ಅಷ್ಟೆ. ಹಾಗಾಗಿ ಕೆಳಗಿನ ಪರೀಕ್ಷೆಗಳೆಲ್ಲ ರಾಡ್ ನಿಮಗೆ ಹೊಂದುತ್ತದೆಯೇ ಎಂದು ತಿಳಿಯುವುದಕ್ಕೆ. ಒಬ್ಬರಿಗೆ ಒಗ್ಗಿದ ರಾಡ್ ಇನ್ನೊಬ್ಬರಿಗೆ ಒಗ್ಗಬೇಕೆಂದಿಲ್ಲ.

ಅಂಗಡಿಯಲ್ಲಿ

ನಿಮ್ಮ ರೀಲನ್ನು ಜೊತೆಗೆ ಒಯ್ಯಿರಿ. ರಾಡ್‌ನ ಎಲ್ಲ ತುಂಡುಗಳನ್ನೂ ಜೋಡಿಸಿ ಕೊಡಲು ಹೇಳಿ. ಜಾಗವಿಲ್ಲ ಅಂದರೆ ಅಂಗಡಿ ಎದುರಿನ ರಸ್ತೆಯಲ್ಲೇ ಜೋಡಿಸಿ ನೋಡಿ, ಸಂಕೋಚ ಬೇಡ. ಆದರೆ ಮೇಲೆ ಕರೆಂಟಿನ ತಂತಿ ಹಾದುಹೋಗಿಲ್ಲ ಎಂಬುದನ್ನು ಮೊದಲು ಕತ್ತೆತ್ತಿ ನೋಡಿಕೊಳ್ಳಿ. ಕಾರ್ಬನ್ ರಾಡ್‌ನಲ್ಲಿ ವಿದ್ಯುತ್ ಹರಿಯುತ್ತದೆ.

ಬುಡದ ಕಡೆಯಿಂದ ಒಂದು ಕಣ್ಣು ಮುಚ್ಚಿ ತುದಿಯವರೆಗೆ ನೋಡಿ. ನೂಲು ಹಾಯುವ ಬಳೆಗಳು ಒಂದೇ ಸಾಲಿನಲ್ಲಿರಬೇಕು. ತುದಿಯ ತುಂಡು ಕೂದಲೆಳೆಯಷ್ಟು ವಾರೆಯಾಗಿದ್ದರೆ ಚಿಂತೆಯಿಲ್ಲ. ಒಂದು ಬಳೆ ಎಡಕ್ಕೆ, ಮುಂದಿನದು ಬಲಕ್ಕೆ ತಿರುಗಿದ್ದರೆ ಬೇರೆ ರಾಡ್ ಕೇಳಿ. ಬಳೆಯೊಳಗಿನ ಸೆರಾಮಿಕ್ ಉಂಗುರದಲ್ಲಿ ಬಿರುಕಿದ್ದರೆ ಬರಿಗಣ್ಣಿಗೆ ಕಾಣುವುದಿಲ್ಲ. ಕಿವಿಗೆ ಹಾಕುವ ಹತ್ತಿಯ ಕಡ್ಡಿಯನ್ನು ಪ್ರತಿ ಉಂಗುರದೊಳಗೂ ಸುತ್ತ ಒಮ್ಮೆ ಆಡಿಸಿ. ಹತ್ತಿಯ ಎಳೆ ಸಿಕ್ಕಿಕೊಂಡರೆ ಅಲ್ಲಿ ಬಿರುಕಿದೆ, ನಾಳೆ ನಿಮ್ಮ ನೂಲು ತುಂಡಾಗುವುದು ಅಲ್ಲಿಯೇ.

ಜೋಡಣೆಯ ಜಾಗ ಹಿಡಿದು ಮೆಲ್ಲಗೆ ಅತ್ತಿತ್ತ ಅಲುಗಿಸಿ. ಸಡಿಲವಾಗಿದ್ದರೆ ಬೇಡ. ಒಳಗೆ ಗೂಟದಂತೆ ತೂರುವ ಜೋಡಣೆಯಾದರೆ ಎರಡು ತುಂಡುಗಳ ನಡುವೆ ಸಣ್ಣ ಸಂದು ಉಳಿಯುತ್ತದೆ. ಅದು ದೋಷವಲ್ಲ. ಬಳಸಿ ಬಳಸಿ ಸವೆದಾಗ ಇನ್ನಷ್ಟು ಒಳಗೆ ಕೂರಲೆಂದು ಬಿಟ್ಟ ಜಾಗ ಅದು.

ಈಗ ರೀಲನ್ನು ಕೂರಿಸಿ, ರಾಡ್‌ನ ಬುಡವನ್ನು ಕಂಕುಳಿಗೆ ಒತ್ತಿ, ತೋಳು ಚಾಚಿ. ರೀಲು ಅಂಗೈಗೆ ಸಹಜವಾಗಿ ಸಿಗಬೇಕು. ನಮ್ಮ ಅಂಗಡಿಗಳಿಗೆ ಬರುವ ಎಷ್ಟೋ ರಾಡ್‌ಗಳಲ್ಲಿ ರೀಲಿನ ಜಾಗ ಎತ್ತರದ ಆಳುಗಳ ಅಳತೆಗಿದೆ. ಐದೂಕಾಲು ಅಡಿ ಎತ್ತರದವರು ಅದನ್ನು ಹಿಡಿದರೆ ಎಸೆಯುವಾಗ ಮೇಲಿನ ಕೈ ಪೂರ್ತಿ ಚಾಚಿ, ತಳ್ಳುವ ಬಲವೇ ಇಲ್ಲದಂತಾಗುತ್ತದೆ. ಬೆಲೆ ಇಳಿಸಿ ಕೊಡುತ್ತೇನೆ ಅಂದರೂ ಅಂಥದ್ದನ್ನು ತರಬೇಡಿ.

ಇನ್ನು ರಾಡ್ ಮೇಲಿನ ಅಂಕಿ. 100–200 ಗ್ರಾಂ ಎಂದು ಬರೆದಿದ್ದರೆ 200 ಗ್ರಾಂನಲ್ಲಿ ಅದು ಚೆನ್ನಾಗಿ ಎಸೆಯುತ್ತದೆ ಎಂದಲ್ಲ, ಮುರಿಯದೆ ತಡೆದೀತು ಎಂದು ತಿಳಿಯಿರಿ. ಜಪಾನಿನ ರಾಡ್‌ಗಳಲ್ಲಿ 25, 30, 35 ಎಂಬ ಸಂಖ್ಯೆ ಇರುತ್ತದೆ. ಅಲ್ಲಿಯ ಅಳತೆಯಲ್ಲಿ ಒಂದಕ್ಕೆ 3.75 ಗ್ರಾಂ. ಅಂದರೆ 30 ಎಂಬ ರಾಡ್ 112.5 ಗ್ರಾಂ ಸೀಸಕ್ಕೆ ಹೇಳಿ ಮಾಡಿಸಿದ್ದು.

ತಾರಸಿಯಲ್ಲಿ ಒಂದು ಚೀಲ ಹೊಯ್ಗೆ

ಎರಡು ರಾಡ್‌ಗಳಲ್ಲಿ ಯಾವುದು ಗಡುಸು ಎಂದು ಬಾಯಲ್ಲಿ ವಾದ ಮಾಡುವ ಬದಲು ತೂಗಿಯೇ ನೋಡಬಹುದು. ನೊಣಗಾಳದ (ಫ್ಲೈ ಫಿಶಿಂಗ್) ರಾಡ್‌ಗಳಿಗಾಗಿ ಅಮೆರಿಕದ ವಿಲಿಯಂ ಹ್ಯಾನೆಮನ್ ಎಂಬವರು ಇಂಥದೊಂದು ಕ್ರಮ ರೂಪಿಸಿದರು. ರಾಡ್‌ನ ಬುಡವನ್ನು ಅಡ್ಡಲಾಗಿ ಬಿಗಿದು, ತುದಿಗೆ ಒಂದೊಂದೇ ಸೆಂಟ್ ನಾಣ್ಯ ಸೇರಿಸುತ್ತ, ರಾಡ್‌ನ ಮೂರನೇ ಒಂದು ಭಾಗದಷ್ಟು ತುದಿ ಕೆಳಗಿಳಿಯುವವರೆಗೆ ಎಣಿಸುವುದು ಆ ಕ್ರಮ. ನಾಣ್ಯದ ಬದಲು ನಾವು ಹೊಯ್ಗೆ ಬಳಸೋಣ.

ತಾರಸಿಯ ಅಡ್ಡಗೋಡೆಯ ಮೇಲೆ, ಒಳಮುಖವಾಗಿ, ರಾಡ್‌ನ ಹಿಡಿಯನ್ನು ಹಳೆ ಬಟ್ಟೆ ಸುತ್ತಿ ಬಿಗಿಯಾಗಿ ಕಟ್ಟಿ. ರೀಲಿನಿಂದ ಮುಂದಿನ ಭಾಗ ನೆಲಕ್ಕೆ ಸಮನಾಗಿ ಚಾಚಿರಲಿ. ಆ ಭಾಗ 3.15 ಮೀಟರ್ ಇದ್ದರೆ ಅದರ ಮೂರನೇ ಒಂದು 1.05 ಮೀಟರ್. ತುದಿ ಈಗಿರುವ ಎತ್ತರದಿಂದ ಅಷ್ಟು ಕೆಳಗೆ, ಒಂದು ಕೋಲು ನಿಲ್ಲಿಸಿ ಗುರುತು ಹಾಕಿ. ತುದಿಬಳೆಗೆ ದಾರದಲ್ಲಿ ಪ್ಲಾಸ್ಟಿಕ್ ಚೀಲ ತೂಗುಹಾಕಿ, ಹಿಡಿ ಹಿಡಿಯಾಗಿ ಹೊಯ್ಗೆ ತುಂಬುತ್ತ ಹೋಗಿ. ತುದಿ ಗುರುತಿಗೆ ಬಂದಾಗ ನಿಲ್ಲಿಸಿ, ಚೀಲವನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. ಆ ಅಂಕಿ ನಿಮ್ಮ ರಾಡ್‌ನ ಗಡಸುತನ. ಗೆಳೆಯರ ರಾಡನ್ನೂ ಹೀಗೇ ತೂಗಿದರೆ ಇಬ್ಬರದ್ದನ್ನೂ ಹೋಲಿಸಲು ಒಂದು ಗಟ್ಟಿ ಆಧಾರ ಸಿಗುತ್ತದೆ.

ಚೀಲ ತೂಗುತ್ತಿರುವಾಗಲೇ ರಾಡ್ ಎಲ್ಲೆಲ್ಲಿ ಬಾಗಿದೆ ಎಂದು ಪಕ್ಕದಿಂದ ನೋಡಿ. ಬಾಗು ತುದಿಯಿಂದ ಬುಡದ ಕಡೆಗೆ ಎಲ್ಲೂ ಮುರಿದಂತೆ ಕಾಣದೆ ಇಳಿಯಬೇಕು. ಜೋಡಣೆಯ ಜಾಗದಲ್ಲಿ ಮಾತ್ರ ನೆಟ್ಟಗೆ ನಿಂತು, ಮುಂದೆ ತಟ್ಟನೆ ಬಾಗಿದ್ದರೆ ಎಸೆಯುವಾಗ ಭಾರವೆಲ್ಲ ಅಲ್ಲಿಗೇ ಬೀಳುತ್ತದೆ. ಚೀಲ ಬಿಚ್ಚಿ, ಬಳೆಗಳ ಮೂಲಕ ನೂಲು ಹಾಯಿಸಿ ಮತ್ತೆ ಬಾಗಿಸಿ. ಎರಡು ಬಳೆಗಳ ನಡುವೆ ನೂಲು ರಾಡ್‌ಗೆ ತಾಗುತ್ತಿದ್ದರೆ ಅಲ್ಲಿ ಬಳೆ ಕಡಿಮೆಯಾಗಿದೆ ಎಂದರ್ಥ.

ನೂಲು, ಲೀಡರ್

ಎಸೆಯುವ ಮೊದಲು ಈ ಒಂದು ವಿಷಯದಲ್ಲಿ ಯಾರೂ ಸಲಿಗೆ ತೋರಿಸಬಾರದು. 0.35 ಮಿ.ಮೀ. ನೈಲಾನ್ ನೂಲು ಮೀನು ಎಳೆಯಲು ಧಾರಾಳ ಸಾಕು, ಆದರೆ 125 ಗ್ರಾಂ ಸೀಸವನ್ನು ಪೂರ್ತಿ ಬಲದಿಂದ ಬೀಸಿದಾಗಿನ ಜಗ್ಗಾಟ ತಡೆಯಲು ಸಾಲದು. ನಡುದಾರಿಯಲ್ಲಿ ತುಂಡಾದ ಸೀಸ ಯಾರ ತಲೆಗಾದರೂ ಬಡಿದರೆ ಜೀವ ಹೋಗುತ್ತದೆ. ಅದಕ್ಕೇ ಮುಂದೆ ದಪ್ಪ ನೂಲಿನ ಲೀಡರ್ ಕಟ್ಟುವುದು. ಲೆಕ್ಕ ಸುಲಭ: ಪ್ರತಿ 25 ಗ್ರಾಂ ಭಾರಕ್ಕೆ 4 ಕೆ.ಜಿ. ತಾಳುವ ಲೀಡರ್. 100 ಗ್ರಾಂಗೆ 16 ಕೆ.ಜಿ., 125ಕ್ಕೆ 20, 150ಕ್ಕೆ 24. ಎಸೆಯಲು ಸಿದ್ಧವಾಗಿ ನಿಂತಾಗ ಲೀಡರ್ ರೀಲಿನ ಮೇಲೆ ಆರೆಂಟು ಸುತ್ತು ಉಳಿದಿರಬೇಕು. 13 ಅಡಿ ರಾಡ್‌ಗೆ ಸುಮಾರು 8 ಮೀಟರ್ ಇಟ್ಟುಕೊಳ್ಳಿ. ಸೀಸವನ್ನು ಬಲೆ ಸಾಮಾನಿನ ಅಂಗಡಿಯಿಂದ ತಂದರೆ ಪ್ರತಿಯೊಂದನ್ನೂ ತೂಗಿ ಅಂಕಿ ಕೆತ್ತಿಡಿ. ಒಂದೇ ಅಚ್ಚಿನವಾದರೂ ತೂಕದಲ್ಲಿ ವ್ಯತ್ಯಾಸ ಇದ್ದೇ ಇರುತ್ತದೆ. ಎಸೆಯುವಾಗ ನೂಲನ್ನು ತಡೆದು ಹಿಡಿಯುವ ತೋರುಬೆರಳಿಗೆ ಚರ್ಮದ ಕವಚ ಮರೆಯಬೇಡಿ.

ಯಾವ ಜಾಗ, ಯಾವ ಹೊತ್ತು

ಭಾನುವಾರ ಸಂಜೆ ಪಣಂಬೂರು, ಮಲ್ಪೆ ಬೀಚುಗಳಲ್ಲಿ ಈ ಕೆಲಸ ಬೇಡವೇ ಬೇಡ. ಬೆಳಗ್ಗೆ, ಇಳಿತದ ಹೊತ್ತಿಗೆ, ಮುಂದೆಯೂ ಹಿಂದೆಯೂ ಜನರಿಲ್ಲದ ದಂಡೆ ಹುಡುಕಿ. ಇಳಿತದಲ್ಲಿ ಬಿಟ್ಟುಹೋದ ಒದ್ದೆ ಹೊಯ್ಗೆಯ ಪಟ್ಟಿ ಇದೆಯಲ್ಲ, ರಾಡ್ ಪರೀಕ್ಷೆಗೆ ಅದಕ್ಕಿಂತ ಒಳ್ಳೆಯ ಮೈದಾನವಿಲ್ಲ. ನೀರಿಗೆ ಎಸೆದರೆ ಎಷ್ಟು ದೂರ ಬಿತ್ತೆಂದು ಅಂದಾಜಷ್ಟೆ ಸಿಗುತ್ತದೆ. ದಂಡೆಯುದ್ದಕ್ಕೆ ಎಸೆದರೆ ಸೀಸ ಬಿದ್ದಲ್ಲಿ ಗುಂಡಿ ಮೂಡುತ್ತದೆ, ಟೇಪ್ ಹಿಡಿದು ಅಳೆಯಬಹುದು. ಕರಾವಳಿಯಿಂದ ದೂರ ಇರುವವರು ಕೊಯ್ಲು ಮುಗಿದ ಗದ್ದೆಯಲ್ಲೂ ಮಾಡಬಹುದು, ದನಕರು ಇಲ್ಲದಾಗ.

ಗಾಳಿಯ ವಿಚಾರ ನಮ್ಮ ಕರಾವಳಿಯಲ್ಲಿ ವಿಶೇಷ. ನಮ್ಮ ಕಡಲು ಪಡುವಣಕ್ಕಿದೆ. ನವೆಂಬರಿನಿಂದ ಫೆಬ್ರುವರಿಯವರೆಗೆ ಮುಂಜಾನೆ ನೆಲದ ಕಡೆಯಿಂದ ಕಡಲಿಗೆ ಗಾಳಿ ಬೀಸುತ್ತದೆ, ಮಧ್ಯಾಹ್ನದ ನಂತರ ಕಡಲಿನಿಂದ ನೆಲಕ್ಕೆ ತಿರುಗುತ್ತದೆ. ಬೆಳಗ್ಗೆ ಬೆನ್ನಿಗೆ ಗಾಳಿ ಇದ್ದಾಗ ಕಡಲಿಗೆ ಎಸೆದು 'ಆಹಾ' ಅಂದ ರಾಡನ್ನೇ ಸಂಜೆ ಎದುರುಗಾಳಿಗೆ ಎಸೆದರೆ ಬೇರೆಯದೇ ರಾಡ್ ಅನ್ನಿಸುತ್ತದೆ. ಆದ್ದರಿಂದ ಎರಡು ರಾಡ್ ಹೋಲಿಸುವುದಾದರೆ ಒಂದೇ ಹೊತ್ತಿನಲ್ಲಿ, ಒಂದೇ ದಿಕ್ಕಿಗೆ, ಒಂದೇ ರೀಲಿನಲ್ಲಿ ಎಸೆಯಬೇಕು. ಮಾರ್ಚ್ ಕಳೆದ ಮೇಲೆ ಸಂಜೆ ಗುಡುಗು ಕೇಳಿಸಿದರೆ ಆ ಕ್ಷಣ ರಾಡ್ ಕೆಳಗಿಟ್ಟು ದಂಡೆ ಬಿಡಿ. ಬಯಲಿನಲ್ಲಿ 13 ಅಡಿ ಕಾರ್ಬನ್ ಎತ್ತಿ ಹಿಡಿದು ನಿಲ್ಲುವಷ್ಟು ಅಪಾಯದ ಕೆಲಸ ಇನ್ನೊಂದಿಲ್ಲ.

ಎಸೆತ

ಮೊದಲ ಕೆಲವು ಎಸೆತ ಅರ್ಧ ಬಲದಲ್ಲಿ, 100 ಗ್ರಾಂ ಸೀಸದಲ್ಲಿ. ಬಲಗೈಯವರಾದರೆ ಎಡಗಾಲು ಮುಂದೆ. ರಾಡ್ ಹಿಂದಕ್ಕೆ ಚಾಚಿ, ಸೀಸ ಆಡದೆ ನಿಂತ ಮೇಲೆ, ಕಣ್ಣನ್ನು ಆಕಾಶದ ಕಡೆಗೆ ಎತ್ತಿ, ಬಲಗೈಯಲ್ಲಿ ತಳ್ಳುತ್ತ ಎಡಗೈಯಲ್ಲಿ ಬುಡವನ್ನು ಎದೆಗೆ ಎಳೆದುಕೊಳ್ಳಿ. ಸೀಸವನ್ನು ಗಡಿಯಾರದ ಲೋಲಕದಂತೆ ತೂಗಿ ಎಸೆಯುವ ಪೆಂಡುಲಮ್ ಎಸೆತವನ್ನು ಹೊಸ ರಾಡ್‌ನಲ್ಲಿ ಮೊದಲ ದಿನವೇ ಮಾಡಬೇಡಿ. ರಾಡ್‌ನ ಗುಣ ತಿಳಿಯಲು ತಲೆಮೇಲಿನ ಸಾದಾ ಎಸೆತವೇ ಮೇಲು. ಯಾಕೆಂದರೆ ಅದನ್ನು ಪ್ರತಿ ಸಲ ಒಂದೇ ಥರ ಎಸೆಯಬಹುದು.

ಕೈ ಹದಕ್ಕೆ ಬಂದ ಮೇಲೆ ಭಾರ ಏರಿಸುತ್ತ ಹೋಗಿ. ಬ್ರಿಟನ್ನಿನ ದೂರ ಎಸೆತದ ಸ್ಪರ್ಧೆಗಳಲ್ಲಿ 100, 125, 150, 175 ಗ್ರಾಂ ಎಂಬ ನಾಲ್ಕು ತೂಕಗಳಿವೆ. ಅವುಗಳಲ್ಲಿ ಮೊದಲ ಮೂರು ನಮಗೆ ಸಾಕು. ಒಂದೊಂದು ತೂಕಕ್ಕೂ ಐದೈದು ಎಸೆತ. ಅತಿ ದೂರದ್ದು, ಅತಿ ಹತ್ತಿರದ್ದು ಎರಡನ್ನೂ ಬಿಟ್ಟು ಉಳಿದ ಮೂರರ ಸರಾಸರಿ ಬರೆದುಕೊಳ್ಳಿ. 125ರಲ್ಲಿ ದೂರ ಹೆಚ್ಚಿ, 150ರಲ್ಲಿ ಮತ್ತೆ ಇಳಿದರೆ ಆ ರಾಡ್ ನಿಮ್ಮ ಕೈಯಲ್ಲಿ 125ರ ರಾಡ್, ಮೇಲೆ ಏನೇ ಬರೆದಿರಲಿ. ಮೂರರಲ್ಲೂ ದೂರ ಹೆಚ್ಚುಕಡಿಮೆ ಒಂದೇ ಇದ್ದು ತೋಳು ಮಾತ್ರ ನೋಯುತ್ತಿದ್ದರೆ ರಾಡ್ ನಿಮಗೆ ಗಡುಸಾಯಿತು.

ಜೊತೆಗೆ ಬಂದವರಿಗೆ ಮೊಬೈಲ್ ಕೊಟ್ಟು, ಪಕ್ಕಕ್ಕೆ ದೂರ ನಿಲ್ಲಿಸಿ, ಸ್ಲೋ ಮೋಷನ್‌ನಲ್ಲಿ ವಿಡಿಯೊ ತೆಗೆಸಿ. ಕಣ್ಣಿಗೆ ಸಿಗದ್ದೆಲ್ಲ ಅದರಲ್ಲಿ ಸಿಗುತ್ತದೆ. ತುದಿಯ ಭಾಗ ಮಾತ್ರ ಬಾಗಿ ನಡು ಕೋಲಿನಂತೆ ನಿಂತಿದ್ದರೆ ಭಾರ ಸಾಲದು, ಇಲ್ಲವೇ ನಿಮ್ಮ ಬಲ ಸಾಲದು. ಬಾಗು ರೀಲಿನ ಹತ್ತಿರದವರೆಗೆ ಇಳಿದು, ಸೀಸ ಬಿಡುವ ಹೊತ್ತಿಗೆ ನೆಟ್ಟಗಾಗಿದ್ದರೆ ಅದೇ ಸರಿಯಾದ ತೂಕ. ಸೀಸ ಹೊರಟ ಮೇಲೂ ರಾಡ್ ಇನ್ನೂ ಬಾಗಿಯೇ ಇದ್ದರೆ ಭಾರ ಜಾಸ್ತಿಯಾಗಿದೆ. ಆಮೇಲೆ ತುದಿಯನ್ನೇ ನೋಡಿ. ನೆಟ್ಟಗಾದ ತುದಿ ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಆಡಿ ತಟ್ಟನೆ ನಿಲ್ಲಬೇಕು. ಹೊಯ್ದಾಡುತ್ತಲೇ ಇದ್ದರೆ ನೂಲು ಅಲೆ ಅಲೆಯಾಗಿ ಬಳೆಗಳಿಗೆ ಬಡಿದು ದೂರ ಕಡಿಮೆಯಾಗುತ್ತದೆ.

ಬರಿ ಸೀಸದ ಪರೀಕ್ಷೆ ಮುಗಿದ ಮೇಲೆ ಎರೆ ಸಿಕ್ಕಿಸಿ ಎಸೆಯಿರಿ. ಅನೇಕರು ಇದನ್ನು ಬಿಟ್ಟುಬಿಡುತ್ತಾರೆ, ಆದರೆ ಮೀನು ಹಿಡಿಯುವವರಿಗೆ ನಿಜವಾದ ಪರೀಕ್ಷೆ ಇದೇ. ಬಂಗುಡೆಯ ತುಂಡು ಗಟ್ಟಿ ಚರ್ಮದ್ದು, ತಡೆಯುತ್ತದೆ. ಬೂತಾಯಿ ಮೆತ್ತಗೆ, ತೀರಾ ಗಡುಸು ರಾಡ್ ಒಮ್ಮೆಲೇ ಜಗ್ಗಿದಾಗ ಸೀಸ ಒಂದು ಕಡೆಗೆ, ಬೂತಾಯಿ ಇನ್ನೊಂದು ಕಡೆಗೆ ಹಾರುತ್ತದೆ. ಎಲಾಸ್ಟಿಕ್ ದಾರದಲ್ಲಿ ಸುತ್ತಿದರೂ ಉದುರುತ್ತಿದ್ದರೆ ಮೆದುವಾಗಿ ಬಾಗುವ ರಾಡ್ ನಿಮಗೆ ಬೇಕು. ಎರೆಯ ತೂಕವೂ ಸೇರಿಯೇ ಲೆಕ್ಕ: 125 ಗ್ರಾಂ ಸೀಸಕ್ಕೆ 30 ಗ್ರಾಂ ಬಂಗುಡೆ ಸೇರಿದರೆ ರಾಡ್ ಎತ್ತುವುದು 155 ಗ್ರಾಂ. ತೊರಕೆ, ತೇಡೆ, ದೊಡ್ಡ ಕೊಕ್ಕರ್ ಬೇಕೆಂದು ದಂಡೆಗೆ ಹೋಗುವವರಿಗೆ ಈ ಮಾತು. ಕಾಣೆ ಮೀನು ಬೇಕಾದವರು ಇಷ್ಟು ದೊಡ್ಡ ರಾಡ್‌ಗೆ ದುಡ್ಡು ಸುರಿಯಬೇಕಾಗಿಲ್ಲ. ಅದು ದಡಕ್ಕೆ ಹತ್ತಿರದ ಹೊಯ್ಗೆ ತಳದಲ್ಲೇ ಮೇಯುವ ಮೀನು.

ಕಚ್ಚಿದ್ದು ತಿಳಿಯುತ್ತದೆಯೇ?

ಎರಡು ಇಂಚಿನ ಪಿವಿಸಿ ಪೈಪಿನ ತುಂಡನ್ನು ಹೊಯ್ಗೆಯಲ್ಲಿ ಆಳವಾಗಿ ಹೂತು ರಾಡ್ ನಿಲ್ಲಿಸಿ. ನೂಲಿನ ತುದಿಯನ್ನು ಗೆಳೆಯರ ಕೈಗೆ ಕೊಟ್ಟು ದಂಡೆಯುದ್ದಕ್ಕೆ ಅರವತ್ತು–ಎಪ್ಪತ್ತು ಮೀಟರ್ ನಡೆಯಲು ಹೇಳಿ. ಅಲ್ಲಿಂದ ಅವರು ಬೆರಳಲ್ಲಿ ಮೆಲ್ಲಗೆ ಜಗ್ಗಿದಾಗ ತುದಿ ಅಲುಗಬೇಕು. ನೈಲಾನ್ ನೂಲು ಹಿಗ್ಗುವುದರಿಂದ ಸ್ವಲ್ಪ ಮಂಕಾಗಿ ಕಾಣುವುದು ಸಹಜ. ನಂತರ ಕಡಲಿಗೆ ಎಸೆದು ಅದೇ ಪೈಪಿನಲ್ಲಿ ನಿಲ್ಲಿಸಿ ತೆರೆಗಳ ಎದುರು ನೋಡಿ. ಪ್ರತಿ ತೆರೆಗೂ ತುದಿ ಬಾಗಿ ಏಳಬೇಕು, ಸೀಸ ಮಾತ್ರ ತಳದಲ್ಲಿ ಕಚ್ಚಿಕೊಂಡಿರಬೇಕು. ತುದಿ ಬಾಗದೆ ತೆರೆ ಬಂದಾಗಲೆಲ್ಲ ಸೀಸ ಕಿತ್ತುಬಂದರೆ, ಎಷ್ಟು ದೂರ ಎಸೆದರೂ ಎರೆ ಒಂದು ಕಡೆ ನಿಲ್ಲುವುದಿಲ್ಲ. ಬೀಚ್ ರಾಡ್ ಇಷ್ಟು ಉದ್ದ ಇರುವುದಕ್ಕೆ ಇನ್ನೊಂದು ಕಾರಣವೂ ಇಲ್ಲಿ ಕಾಣುತ್ತದೆ: ಹತ್ತಿರದ ತೆರೆಗಳ ನೊರೆಗೆ ಸಿಗದಂತೆ ನೂಲನ್ನು ಮೇಲೆ ಎತ್ತಿ ಹಿಡಿಯುತ್ತದೆ.

ಮೀನು ಎಳೆಯುವಾಗಿನ ಭಾರ ತಿಳಿಯಲು ಮೀನು ಸಾಮಾನಿನ ಅಂಗಡಿಯ ಸ್ಪ್ರಿಂಗ್ ತಕ್ಕಡಿಯನ್ನು ನೂಲಿನ ತುದಿಗೆ ಕಟ್ಟಿ ಜಗ್ಗಿದರೆ ಸಾಕು. ನೂಲು ತಾಳುವ ಭಾರದ ಮೂರನೇ ಒಂದಕ್ಕಿಂತ ಮೊದಲೇ ರೀಲಿನ ಡ್ರ್ಯಾಗ್ (ಜೋರಾಗಿ ಜಗ್ಗಿದಾಗ ನೂಲು ಬಿಟ್ಟುಕೊಡುವ ಬಿಗಿತ) ಬಿಡಬೇಕು, 7 ಕೆ.ಜಿ. ನೂಲಿಗೆ 2 ಕೆ.ಜಿ. ಆಸುಪಾಸು. ತಕ್ಕಡಿ 2 ಕೆ.ಜಿ. ತೋರಿಸುವಾಗ ರಾಡ್ ಹಿಡಿದವರ ಬೆನ್ನಿಗೆ ಎಷ್ಟು ಭಾರ ಬೀಳುತ್ತದೆ ಎಂದು ಗಮನಿಸಿ. ಉದ್ದ ಹೆಚ್ಚಿದಂತೆ ಈ ಭಾರವೂ ಹೆಚ್ಚುತ್ತದೆ. 14 ಅಡಿಯ ಆಸೆಯಲ್ಲಿದ್ದವರು ಇದನ್ನು ಮಾಡಿ ನೋಡಿ 12 ಅಥವಾ 13ಕ್ಕೆ ಇಳಿದರೆ ನಷ್ಟವೇನಿಲ್ಲ. ರಾಡನ್ನು ನೆಟ್ಟಗೆ ಆಕಾಶಕ್ಕೆ ಎತ್ತಿ ಎಳೆಯಬೇಡಿ, ತುದಿ ಮುರಿಯುವುದು ಹಾಗೆಯೇ.

ಮನೆಗೆ ಬಂದ ಮೇಲೆ

ಪರೀಕ್ಷೆಗೆ ಕತ್ತರಿಸಿದ ನೂಲಿನ ತುಂಡುಗಳನ್ನೆಲ್ಲ ಹೆಕ್ಕಿ ತನ್ನಿ. ಚಳಿಗಾಲದಲ್ಲಿ ಕಡಲಾಮೆಗಳು ಮೊಟ್ಟೆಯಿಡಲು ನಮ್ಮ ದಂಡೆಗಳಿಗೆ ಬರುತ್ತವೆ. ನೈಲಾನ್ ನೂಲು ಕಾಲಿಗೆ ಸುತ್ತಿಕೊಂಡರೆ ಅವು ಬಿಡಿಸಿಕೊಳ್ಳಲಾರವು.

ಜೋಡಣೆಗಳನ್ನು ದಂಡೆಯಲ್ಲೇ ಬಿಚ್ಚಿ. ಉಪ್ಪುನೀರು, ಹೊಯ್ಗೆ ಸೇರಿ ಒಣಗಿದರೆ ಮರುದಿನ ಇಬ್ಬರು ಜಗ್ಗಿದರೂ ಬರುವುದಿಲ್ಲ. ಸಿಹಿನೀರಿನಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಜೋಡಣೆಯ ಗಂಡುಭಾಗಕ್ಕೆ ಮೇಣದಬತ್ತಿ ತೆಳುವಾಗಿ ಉಜ್ಜಿ. ಬಳೆಗಳನ್ನು ಕಟ್ಟಿದ ದಾರದ ಮೇಲಿನ ಮೆರುಗಿನಲ್ಲಿ ಬಿರುಕು ಬಂದಿದೆಯೇ, ಎಸೆಯುವಾಗ ಕೇಳಿಸಿದ 'ಟಿಕ್' ಸದ್ದು ಯಾವ ಜೋಡಣೆಯದ್ದು ಎಂದು ಹಗಲು ಬೆಳಕಿನಲ್ಲಿ ಹುಡುಕಿ. ಮೆರುಗಿನಲ್ಲಿ ಬಳೆಯ ಕಾಲಿನ ಬಳಿ ಸಣ್ಣ ಗೀರು ಕಂಡರೆ ಹೆದರಬೇಕಾಗಿಲ್ಲ. ಕಾರ್ಬನ್ನಿನ ಮೇಲೆಯೇ ಅಡ್ಡಗೀರು ಕಂಡರೆ, ಅಥವಾ ಬಟ್ಟೆಯಲ್ಲಿ ಒರೆಸುವಾಗ ಎಳೆ ಸಿಕ್ಕಿಕೊಂಡರೆ, ಬಿಲ್ಲು ತೆಗೆದುಕೊಂಡು ಅದೇ ವಾರ ಅಂಗಡಿಗೆ ಹೋಗಿ.