ಅಂಗಡಿಯ ಸಾದಾ ಕುರ್ತಾಗೆ ಮನೆಯ ಕಸೂತಿ

ಅಕ್ಕಂದಿರೇ, ಜೀನ್ಸ್ ಹೊಲಿಗೆಗೆ ಹೆಸರಾದ ಬಳ್ಳಾರಿಯಲ್ಲೇ ಇದ್ದುಕೊಂಡು ಮೈಗೆ ಹೊಂದೋ ಒಂದು ಕುರ್ತಾಗಾಗಿ ಹೋದ ವಾರ ನಾಲ್ಕು ಅಂಗಡಿ ಸುತ್ತಿದೆ. ಒಂದು ಕಡೆ ಎಕ್ಸ್‌ಎಲ್ ಭುಜಕ್ಕೆ ಬಿಗಿ, ಇನ್ನೊಂದು ಕಡೆ ಎಲ್ ಸೈಜೇ ಜೋತಾಡ್ತಿತ್ತು. ಕಸೂತಿ ಇದ್ದದ್ದಕ್ಕೆ ದುಪ್ಪಟ್ಟು ದರ. ತಿರುಗಿಸಿ ನೋಡಿದ್ರೆ ಒಳಗೆಲ್ಲಾ ಚುಚ್ಚೋ ದಾರ. ನಿಜಕ್ಕೂ ಬೇಜಾರಾಯ್ತು.

ಕೊನೆಗೆ ಸಾದಾ ಕಾಟನ್ ಕುರ್ತಾ ತಂದೆ. ಭುಜ ಮಾತ್ರ ಸರಿಯಿರಲಿ, ಸೊಂಟ ಟೇಲರ್ ಹಿಡಿದು ಕೊಡ್ತಾರೆ. ಕುತ್ತಿಗೆಗೆ ಗವಂತಿ ಹೊಲಿಗೆಯ (ಎರಡೂ ಬದಿ ಒಂದೇ ಥರ ಕಾಣೋ ಕಸೂತಿ ಹೊಲಿಗೆ) ಗೋಪುರದ ಚಿತ್ತಾರ ನಾನೇ ಹಾಕ್ತಿದ್ದೀನಿ.

ಮೊದಲು ಕುರ್ತಾ ಒಗೆದು ಒಣಗಿಸಿ, ಕಾಟನ್ ಕುಗ್ಗುತ್ತೆ. ಕೆಂಪು ದಾರವನ್ನ ಒದ್ದೆ ಬಿಳಿ ಬಟ್ಟೆಗೆ ಒತ್ತಿ ನೋಡಿ, ಬಣ್ಣ ಬಿಟ್ರೆ ಬೇಡ. ನುಣುಪು ಬಟ್ಟೆಯಲ್ಲಿ ಎಳೆ ಎಣಿಸೋಕಾಗಲ್ಲ, ಅದಕ್ಕೆ ಮ್ಯಾಟಿ ಬಟ್ಟೆಯ (ಚೌಕ ಚೌಕವಾಗಿ ಕಾಣೋ ದಪ್ಪ ನೇಯ್ಗೆಯ ಬಟ್ಟೆ) ತುಂಡು ಮೇಲಿಟ್ಟು ಟಾಕಿ (ಆಮೇಲೆ ಬಿಚ್ಚೋ ದೊಡ್ಡ ಹೊಲಿಗೆ) ಹಾಕಿ, ಅದರ ಚೌಕ ಎಣಿಸ್ತಾ ಎರಡೂ ಬಟ್ಟೆ ಸೇರಿಸಿ ಹೊಲೀರಿ. ಕಸೂತಿ ದಾರದ ಲಡಿಯ 6 ಎಳೆಯಲ್ಲಿ 2 ಸಾಕು. ಗಂಟು ಹಾಕಬೇಡಿ, ದಾರದ ತುದಿಯನ್ನ ಹೊಲಿಗೆಯೊಳಗೇ ಸೇರಿಸಿ. ಹೋಗುವಾಗ ಒಂದು ಹೊಲಿಗೆಯಷ್ಟು ಜಾಗ ಬಿಟ್ಟು ಒಂದು ಹೊಲಿಗೆ, ಬರುವಾಗ ಬಿಟ್ಟ ಜಾಗ ತುಂಬೋದು. ಆಗ ಒಳಗೂ ಹೊರಗೂ ಒಂದೇ ಚಿತ್ತಾರ.

ಮುಗಿದ ಮೇಲೆ ಮ್ಯಾಟಿಯ ಎಳೆಗಳನ್ನ ಒಂದೊಂದಾಗಿ ಎಳೆದು ತೆಗೀಬೇಕು. ಎಳೆ ಜಾರ್ತಾ ಜಾರ್ತಾ ಕೆಂಪು ಗೋಪುರ ಕುರ್ತಾದ ಮೇಲೆ ಕೂರೋದನ್ನ ನೋಡೋ ಖುಷಿ ಯಾವ ಅಂಗಡಿಯಲ್ಲೂ ಸಿಗಲಿಲ್ಲ ನನಗೆ. ಹಗಲು ಬೆಳಕಲ್ಲೇ ಕೂತು ಹಾಕಿ, ರಾತ್ರಿ ಎಣಿಕೆ ತಪ್ಪುತ್ತೆ.