ಎನ್‌ಕ್ವೈರಿ ಶೀಟಿಗೆ ಸೈನ್ ಹಾಕೋ ಮುಂಚೆ ಒಂದ್ ಸಾಲು ಬರೀರಿ

ಡೊಮೆಸ್ಟಿಕ್ ಎನ್‌ಕ್ವೈರೀಲಿ (ಕಾರ್ಮಿಕನ ಮೇಲಿನ ಆರೋಪಕ್ಕೆ ಕಂಪನಿ ಒಳಗೇ ನಡೆಸೋ ವಿಚಾರಣೇಲಿ) ನಮ್ಮವರ ಪಕ್ಕ ಕೂರೋ ಯೂನಿಯನ್‌ನವ್ರಿಗೆ ಒಂದ್ ಮಾತು, ದಿನದ ಕೊನೆಗೆ ಪ್ರೊಸೀಡಿಂಗ್ಸ್ ಶೀಟ್ (ಅವತ್ತು ನಡೆದಿದ್ದನ್ನ ಬರೆದ ಹಾಳೆ) ಸೈನಿಗೆ ಬಂದಾಗ ಸೈನ್ ಜಾಗದ ಮೇಲೇನೇ ಪೆನ್ನಲ್ಲಿ, ಕನ್ನಡದಲ್ಲೇ, ಇವತ್ತು ವಾಯಿದೆ (ಮುಂದಿನ ದಿನಕ್ಕೆ ಹಾಕಿ ಅಂತ) ಕೇಳಿದ್ದು ಯಾರು ಅಂತ ಬರೀರಿ. "ಮ್ಯಾನೇಜ್‌ಮೆಂಟ್ ಸಾಕ್ಷಿ ಬಂದಿಲ್ಲ, ಅವರ ಕೋರಿಕೆ ಮೇಲೆ ಮುಂದೂಡಿದೆ, ಕಾರ್ಮಿಕ ಹಾಜರಿದ್ದರು" ಇಷ್ಟ್ ಸಾಕು. ಯಾಕಂದ್ರೆ ಸಸ್ಪೆಂಡ್ ಆದೋರಿಗೆ ಮೊದಲ 90 ದಿನ ಅರ್ಧ ಸಂಬಳ, ಆಮೇಲೆ 75% ಸಿಗೋದು, ಎನ್‌ಕ್ವೈರಿ ತಡ ಆಗಿದ್ದು ಅವ್ರಿಂದ ಅಲ್ಲ ಅಂದ್ರೆ ಮಾತ್ರ, ಮತ್ತೆ ನಾಳೆ ಲೇಬರ್ ಕೋರ್ಟಿಗೆ ಹೋದ್ರೆ ಎನ್‌ಕ್ವೈರಿ ನೆಟ್ಟಗೆ ನಡೀತಾ ಅಂತ ನೋಡೋದೂ ಇದೇ ಹಾಳೆಗಳಲ್ಲಿ, ಬಾಯಲ್ಲಿ ಜಗಳ ಆಡಿದ್ದು ಅಲ್ಲಿ ಕಾಣಲ್ಲ. ಪಾಟಿ ಸವಾಲಿಗೆ ಬಿಡ್ಲಿಲ್ಲ, ಡಾಕ್ಯುಮೆಂಟ್ ಕಾಪಿ ಕೊಡ್ಲಿಲ್ಲ ಅನ್ನೋದನ್ನೂ ಹಂಗೇ ಅದೇ ದಿನ ಬರೀರಿ, ಕೆಳಗೆ ಖಾಲಿ ಜಾಗ ಉಳಿದ್ರೆ ಅಡ್ಡಗೆರೆ ಎಳೆದು ಕಾಪಿ ಇಸ್ಕೊಂಡೇ ಏಳಿ (ಫೋಟೋ ತೆಗೆಯೋಕೆ ಫೋನ್ ಒಳಗೆ ಬಿಡಲ್ಲ ಎಷ್ಟೋ ಕಡೆ). ಎನ್‌ಕ್ವೈರಿ ಆಫೀಸರ್ ಬರೆಯೋಕೇ ಬಿಡ್ಲಿಲ್ಲ ಅಂದ್ರೆ ಅವತ್ತೇ ಸಂಜೆ ಅದೇ ಮಾತನ್ನ ಸ್ಪೀಡ್ ಪೋಸ್ಟಲ್ಲಿ ಕಳ್ಸಿ, ರಸೀದಿ ಇಟ್ಕೊಳ್ಳಿ. ಆದ್ರೆ ನಮ್ಮವ್ರೇ ಮೂರ್ ಸಲ ವಾಯಿದೆ ಕೇಳಿದ್ರೆ ಈ ಸಾಲು ನಮಗೇ ತಿರುಗುತ್ತೆ, ಇನ್ನು ಚಾರ್ಜ್‌ಶೀಟಿಗೆ (ಕಂಪನಿ ಕೊಡೋ ಆರೋಪ ಪತ್ರಕ್ಕೆ) ಗಾಬರೀಲಿ "ತಪ್ಪಾಯ್ತು ಕ್ಷಮಿಸಿ" ಅಂತ ಮೊದಲೇ ಬರೆದುಕೊಟ್ಟು ಆಮೇಲೆ ನಮ್ಮ ಹತ್ರ ಬಂದಿದ್ರಂತೂ ಇದರಿಂದ ಜಾಸ್ತಿ ಏನೂ ಆಗಲ್ಲ.