ಚುಟ್ಟಿಯ ಮುಳ್ಳು ಮತ್ತು ಅನ್‌ಶಾರ್ಪ್ ಮಾಸ್ಕ್

ಯಕ್ಷಗಾನದ ಆಟಕ್ಕೆ ಹೋಗುವಾಗ ಕ್ಯಾಮೆರಾ ಬಿಟ್ಟು ಹೋಗಿ ಗೊತ್ತಿಲ್ಲ. ಮೇಳದ ಕಳೆದ ತಿರುಗಾಟದಲ್ಲಿ ತೆಂಕುತಿಟ್ಟಿನ (ಯಕ್ಷಗಾನದ ದಕ್ಷಿಣದ ಶೈಲಿಯ) ಒಂದು ಬಣ್ಣದ ವೇಷ, ಅಂದರೆ ರಾಕ್ಷಸನ ಪಾತ್ರ, ದೊಂದಿ ಹಿಡಿದು ಸಭೆಯ ನಡುವೆ ಬರುವಾಗಿನ ಫೋಟೊ ಸಿಕ್ಕಿತು. ನಡುರಾತ್ರಿ ಕಳೆದಿತ್ತು, ಬೆಳಕಿನ ಸೂಕ್ಷ್ಮತೆ ಐಎಸ್‌ಒ 3200, ಶಟರ್ 1/125 ಸೆಕೆಂಡ್. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಏನೂ ಕೊರತೆ ಕಾಣಲಿಲ್ಲ. ಮನೆಗೆ ಬಂದು ಕಂಪ್ಯೂಟರಿನಲ್ಲಿ ನೂರು ಪರ್ಸೆಂಟ್ ಹಿಗ್ಗಿಸಿ ನೋಡಿದರೆ ಮುಖದ ಮೇಲಿನ ಚುಟ್ಟಿಯ ಮುಳ್ಳುಗಳೆಲ್ಲ ಒಂದಕ್ಕೊಂದು ಅಂಟಿದ ಹಾಗೆ ಮಸುಕು. ಅಕ್ಕಿಹಿಟ್ಟು, ಸುಣ್ಣ ಕಲಸಿ ಗಂಟೆಗಟ್ಟಲೆ ಕೂತು ಒಂದೊಂದಾಗಿ ಇಟ್ಟದ್ದು ಅದು. ವೇಷಧಾರಿ ಬೇರೆ "12×18ರಲ್ಲಿ ಒಂದು ಪ್ರಿಂಟ್ ಹಾಕಿಸಿ ಕೊಡಿ ಮಾರಾಯ್ರೆ" ಅಂದಿದ್ದರು.

ಫೋಟೊ ತಿದ್ದುವ ತಂತ್ರಾಂಶ ಜಿಂಪ್‌ನಲ್ಲಿ, ಚಿತ್ರ ಚೂಪು ಮಾಡುವ ಅನ್‌ಶಾರ್ಪ್ ಮಾಸ್ಕ್ ಫಿಲ್ಟರ್ ತೆರೆದು ರೇಡಿಯಸ್ (ಅಂಚಿನ ಸುತ್ತ ಎಷ್ಟು ಅಗಲಕ್ಕೆ) 6, ಅಮೌಂಟ್ (ಎಷ್ಟು ಜೋರಾಗಿ) 3 ಎಳೆದುಬಿಟ್ಟೆ. ಆ ರಾತ್ರಿ ಬಹಳ ಚಂದ ಕಂಡಿತು. ಬೆಳಿಗ್ಗೆ ನೋಡಿದರೆ ಕಿರೀಟದ ಸುತ್ತ ಬಿಳಿ ಗೆರೆ, ಕಪ್ಪು ಆಕಾಶದ ತುಂಬ ರವೆ ಚೆಲ್ಲಿದ ಹಾಗೆ ಕಾಳುಕಾಳು, ಚುಟ್ಟಿ ಒಂದೇ ಬಿಳಿ ಮುದ್ದೆ.

ಈ ಫಿಲ್ಟರ್ ಹೋದ ವಿವರವನ್ನು ಎಲ್ಲಿಂದಲೂ ತಂದುಕೊಡುವುದಿಲ್ಲ. ಅಂಚಿನ ಒಂದು ಬದಿಯನ್ನು ಇನ್ನಷ್ಟು ಕಪ್ಪು, ಇನ್ನೊಂದನ್ನು ಇನ್ನಷ್ಟು ಬಿಳಿ ಮಾಡಿ ಕಣ್ಣಿಗೆ ಮಂಕುಬೂದಿ ಎರಚುತ್ತದೆ, ಅಷ್ಟೆ. ಚೂಪು ಮಾಡುವ ಫಿಲ್ಟರಿಗೆ 'ಅನ್‌ಶಾರ್ಪ್' ಅನ್ನುವ ವಿಚಿತ್ರ ಹೆಸರು ಬಂದದ್ದು ಡಾರ್ಕ್‌ರೂಮಿನಿಂದ: ನೆಗೆಟಿವ್‌ನಿಂದ ಬೇಕೆಂದೇ ಒಂದು ಮಸುಕಾದ ಪಾಸಿಟಿವ್ ಮಾಡಿ, ಎರಡನ್ನೂ ಜೋಡಿಸಿ ಪ್ರಿಂಟ್ ತೆಗೆಯುತ್ತಿದ್ದರು.

ಮತ್ತೆ ಮೊದಲಿಂದ ಶುರು ಮಾಡಿದೆ. ಮೊದಲು ನಾಯ್ಸ್, ಅಂದರೆ ಆ ಕಾಳುಕಾಳು, ತಗ್ಗಿಸಿ, ಪ್ರಿಂಟಿನ ಅಳತೆಗೆ ತಂದುಕೊಂಡೆ. ಚಿತ್ರದ ಪದರದ (ಲೇಯರಿನ) ನಕಲು ಮಾಡಿ, ಅದಕ್ಕೆ ರೇಡಿಯಸ್ 1.2, ಅಮೌಂಟ್ 0.8. ಸಣ್ಣಪುಟ್ಟ ವ್ಯತ್ಯಾಸಗಳನ್ನು ಮುಟ್ಟದೆ ಬಿಡುವ ಥ್ರೆಶೋಲ್ಡ್ ಒಂದಿಷ್ಟು ಏರಿಸಿದ ಮೇಲೆ ಆಕಾಶದ ರವೆ ಸುಮ್ಮನಾಯಿತು. ಲೇಯರ್ ಮೋಡನ್ನು ಬರೀ ಬೆಳಕು-ಕತ್ತಲೆಗೆ ತಟ್ಟುವ ಲೂಮಿನನ್ಸ್‌ಗೆ ಬದಲಿಸಿದೆ, ಇಲ್ಲದಿದ್ದರೆ ಕೆಂಪು ಬಣ್ಣದ ಅಂಚಿನಲ್ಲಿ ಇಲ್ಲದ ಬಣ್ಣಗಳು ಏಳುತ್ತವೆ. ಆಮೇಲೆ ಲೇಯರಿಗೆ ಕಪ್ಪು ಮಾಸ್ಕ್ ಹಾಕಿ ಪೂರ್ತಿ ಮರೆಮಾಡಿ, ಸಣ್ಣ ಬಿಳಿ ಬ್ರಶ್ಶಿನಲ್ಲಿ ಕಣ್ಣು, ಚುಟ್ಟಿ, ಕಿರೀಟದ ಕುಸುರಿ ಇಷ್ಟನ್ನೇ ಸವರಿದೆ. ಅರ್ಧ ಗಂಟೆ ಹೋಯಿತು. ಚುಟ್ಟಿ ಇಟ್ಟವರ ತಾಳ್ಮೆಯ ಮುಂದೆ ಅದೇನು ಲೆಕ್ಕ!

ದೊಂದಿ ಹಿಡಿದ ಕೈ ಬೀಸಿನಲ್ಲಿ ಅಡ್ಡಕ್ಕೆ ಎಳೆದುಹೋಗಿತ್ತು. ಅಂಥದ್ದಕ್ಕೆ ಈ ಮದ್ದು ನಾಟುವುದಿಲ್ಲ, ಗೆರೆಗಳು ಎದ್ದು ಕಂಡು ಇನ್ನೂ ಕೆಡುತ್ತದೆ. ಹಾಗೇ ಬಿಟ್ಟೆ. ವೇಷ ನಿಂತಿಲ್ಲ ಅಂತ ತಿಳಿಯುವುದು ಆ ಕೈಯಿಂದಲೇ.

ಪ್ರಿಂಟಿಗೆ ಇನ್ನೊಂದು ಚೂರು ಜಾಸ್ತಿಯೇ ಬೇಕು, ಕಾಗದ ಸ್ವಲ್ಪ ನುಂಗುತ್ತದೆ. ಸ್ಟುಡಿಯೊದಲ್ಲಿ ಮೊದಲು ಮುಖದ ಭಾಗ ಮಾತ್ರ 4×6ರಲ್ಲಿ ತೆಗೆಸಿ ನೋಡಿ, ಅಮೌಂಟ್ 1ಕ್ಕೆ ಏರಿಸಿ ದೊಡ್ಡದು ಹಾಕಿಸಿದೆ.

ವೇಷಧಾರಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಎಡದ ಕೆನ್ನೆಯಲ್ಲಿ ಒಂದು ಮುಳ್ಳು ಉದುರಿದೆಯಲ್ಲ ಮಾರಾಯ್ರೆ! ಆ ದಿನ ನನಗೆ ಗೊತ್ತೇ ಆಗಲಿಲ್ಲ."